ವಿಮಾನದ ಟಿಕೆಟ್ಟಿಗೆ ಸಾಲ ಉಂಟು, ಲೋಕಲ್ ಪಾಸಿಗೆ?

ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡುವ ಕೆಲಸ ನನ್ನದು. ಸಾಲ ಕೊಡಬಹುದಾದ ಖರ್ಚುಗಳ ಪಟ್ಟಿಯಲ್ಲಿ ಫೀಸು, ಹಾಸ್ಟೆಲ್, ಪುಸ್ತಕ, ಕಂಪ್ಯೂಟರ್ ಎಲ್ಲ ಇವೆ. ವಿದೇಶಕ್ಕೆ ಓದಲು ಹೋಗುವವರ ಪ್ರಯಾಣದ ಖರ್ಚಿಗೂ ಒಂದು ಸಾಲು ಉಂಟು. ಆದರೆ ಡೊಂಬಿವಲಿಯಿಂದ ಕಲೀನಾದ ವಿಶ್ವವಿದ್ಯಾಲಯಕ್ಕೆ ದಿನಾ ಹೋಗಿಬರುವ ಹುಡುಗಿಯ ಪ್ರಯಾಣಕ್ಕೆ ಅಂಥ ಸಾಲಿಲ್ಲ. ಅದು ಅಪ್ಪನ ಜೇಬಿನಿಂದಲೇ ಬರಬೇಕು.

ಹಾಗಂತ ಮುಂಬಯಿ ವಿದ್ಯಾರ್ಥಿಗಳನ್ನು ಕೈಬಿಟ್ಟಿದೆ ಎನ್ನಲಾರೆ. ಲೋಕಲ್ ರೈಲಿನ ಕನ್ಸೆಶನ್ ಪಾಸಿನಂಥ ಉಪಕಾರ ಇನ್ನೊಂದಿಲ್ಲ. ಕಾಲೇಜಿನಿಂದ ಸಹಿ, ಸಿಕ್ಕಾ ಹಾಕಿದ ಫಾರ್ಮ್ ಕೌಂಟರಿನಲ್ಲಿ ಕೊಟ್ಟರೆ ಸಾಮಾನ್ಯ ವರ್ಗದವರಿಗೂ 25 ವರ್ಷದ ತನಕ ಪಾಸು ಅರ್ಧ ದರಕ್ಕೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮಲಗುತ್ತಿದ್ದುದೂ ಹೋಟೆಲಿನಲ್ಲೇ. ಅವರಿಗೆ ಪ್ರಯಾಣವೆಂಬ ಖರ್ಚೇ ಇರಲಿಲ್ಲ. ಇಂದು ಮೊಮ್ಮಕ್ಕಳ ಮನೆ ಕಲ್ಯಾಣ, ವಿರಾರ್‌ನಲ್ಲಿ. ಈ ಅರ್ಧ ಪಾಸು ಇಲ್ಲದಿದ್ದರೆ ಅವರಲ್ಲಿ ಅನೇಕರು ದೂರದ ಕಾಲೇಜಿನ ಆಸೆಯನ್ನೇ ಬಿಡಬೇಕಿತ್ತು.

ತೊಂದರೆ ಶುರುವಾಗುವುದು ರೈಲು ಇಳಿದ ಮೇಲೆ. ಕುರ್ಲಾದಿಂದ ಕಲೀನಾಕ್ಕೆ ಬಸ್ಸು ಹಿಡಿಯಬೇಕು. 2025ರ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ ಏರಿತು. ಟಿಕೆಟ್ ತೆಗೆದು ಹೋದರೆ ದಿನಕ್ಕೆ 20, ಇಪ್ಪತ್ತೈದು ದಿನಕ್ಕೆ 500. ಡೊಂಬಿವಲಿಯಿಂದ ಕುರ್ಲಾದವರೆಗಿನ ತಿಂಗಳ ಅರ್ಧ ಪಾಸಿಗಿಂತ, ಕೊನೆಯ ಮೂರು ಕಿಲೋಮೀಟರಿಗೇ ಹೆಚ್ಚು ದುಡ್ಡು! ಲೆಕ್ಕ ಬಲ್ಲವರು ಹೇಳಿ, ಇದೆಂಥ ಲೆಕ್ಕ?

ಇನ್ನು ಮೆಟ್ರೋ. 2023ರ ಮೇ ತಿಂಗಳಲ್ಲಿ 2ಎ ಮತ್ತು 7ನೇ ಮಾರ್ಗಗಳ ಟ್ರಿಪ್ ಪಾಸಿಗೆ ವಿದ್ಯಾರ್ಥಿಗಳಿಗೆ ಶೇಕಡಾ 25 ರಿಯಾಯಿತಿ ಬಂತು. ಸಂತೋಷ. ಆದರೆ ಅದು 12ನೇ ತರಗತಿಯವರೆಗೆ ಮಾತ್ರ! ಶಾಲೆ ಸಾಮಾನ್ಯವಾಗಿ ಮನೆಯ ಹತ್ತಿರ ಇರುತ್ತದೆ. ದೂರ ಹೋಗಬೇಕಾಗುವುದೇ ಪದವಿಗೆ. ಸರಿಯಾಗಿ ಆ ಹೊತ್ತಿಗೆ ರಿಯಾಯಿತಿ ಮುಗಿಯುತ್ತದೆ. ಇದೇ ರಾಜ್ಯದ ಪುಣೆ ಮೆಟ್ರೋದಲ್ಲಿ ಪದವಿ ಓದುವವರಿಗೂ ಶೇಕಡಾ 30 ಬಿಡುತ್ತಾರೆ. ಪುಣೆಯಲ್ಲಿ ಆಗುವುದು ಇಲ್ಲೇಕೆ ಆಗಬಾರದು?

"ಬೆಸ್ಟ್ ಮೊದಲೇ ನಷ್ಟದಲ್ಲಿದೆ, ಇನ್ನು ಯಾರು ಕೊಡುವುದು ಮಾರಾಯ್ರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈ ಭಾರವನ್ನು ಬಸ್ಸಿನವರ ತಲೆಯ ಮೇಲೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಶಿಕ್ಷಣ ಸಾಲದಲ್ಲೇ ಒಂದು ದಾರಿ ಉಂಟು: ಕಡಿಮೆ ಆದಾಯದ ಮನೆಯ ಮಕ್ಕಳ ವೃತ್ತಿಪರ ಕೋರ್ಸಿನ ಸಾಲಕ್ಕೆ, ಓದುವ ಅವಧಿಯ ಬಡ್ಡಿಯನ್ನು ಸರಕಾರವೇ ಬ್ಯಾಂಕಿಗೆ ತುಂಬಿಕೊಡುವ ಯೋಜನೆ 2009ರಲ್ಲಿ ಬಂತು. ಬ್ಯಾಂಕಿಗೂ ನಷ್ಟವಿಲ್ಲ, ಹುಡುಗನಿಗೂ ಹೊರೆಯಿಲ್ಲ. ಟಿಕೆಟ್ಟಿನ ವ್ಯತ್ಯಾಸವನ್ನೂ ಹಾಗೆಯೇ ಸರಕಾರ ಬೆಸ್ಟ್‌ಗೆ, ಮೆಟ್ರೋಗೆ ತುಂಬಿಕೊಡಲಿ. ರೈಲು, ಬಸ್ಸು, ಮೆಟ್ರೋ ಮೂರಕ್ಕೂ ಒಂದೇ ಅರ್ಧ ದರದ ಪಾಸು, ಪದವಿ ಮತ್ತು ಸ್ನಾತಕೋತ್ತರ ಓದುವವರಿಗೆ. ನನ್ನ ಬೇಡಿಕೆ ಇಷ್ಟೇ.

ಬಸ್ಸಿನ ದುಡ್ಡು ಉಳಿಸಲು ನಡೆದು, ಬೆಳಗಿನ ಮೊದಲ ಪೀರಿಯಡ್ ತಪ್ಪಿಸಿಕೊಳ್ಳುವ ಮಕ್ಕಳು ಈ ಊರಲ್ಲಿ ಇದ್ದಾರೆ. ಅವರ ಫೀಸಿಗೆ ಲಕ್ಷಗಟ್ಟಲೆ ಸಾಲ ಮಂಜೂರು ಮಾಡುವ ನಾವು, ತರಗತಿಯ ಬಾಗಿಲ ತನಕ ಅವರನ್ನು ತಲುಪಿಸದಿದ್ದರೆ ಆ ಸಾಲಕ್ಕೆ ಏನರ್ಥ? ಏನಂತೀರಿ?