ಮಡಿಯೇ ಮದ್ದೆ?

ಕೋವಿಡ್ ಮಹಾಮಾರಿಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸುಶಿಕ್ಷಿತ ಮಹನೀಯರು ಇಂದಿಗೂ ಒಂದು ಮಾತನ್ನು ಹೆಮ್ಮೆಯಿಂದ ಆಡುತ್ತಾರೆ: "ನಮ್ಮ ಹಿರಿಯರು ಮಡಿ-ಮೈಲಿಗೆ ಎಂದಾಗ ನಕ್ಕಿರಲ್ಲವೆ? ಕೊನೆಗೆ ವಿಜ್ಞಾನವೂ ಅದನ್ನೇ ಹೇಳಿತು, ನೋಡಿ!" 2020ರಲ್ಲಿ ಹುಟ್ಟಿದ ಈ ಮಾತು ಮದುವೆಯ ಪಂಕ್ತಿಯಲ್ಲಿ, ಅಧ್ಯಾಪಕರ ಕೊಠಡಿಯಲ್ಲಿ, ಮೊಬೈಲಿನ ಸಂದೇಶಗಳಲ್ಲಿ ಸುತ್ತಿ ಸುತ್ತಿ ಈಗ ಸಿದ್ಧಾಂತದ ಪದವಿಗೇರಿದೆ. ಇದು ಬರಿಯ ತಪ್ಪಲ್ಲ, ಅಪಾಯಕರವಾದ ತಪ್ಪು ಎಂಬುದು ನನ್ನ ವಾದ.

ಹೊರಗಿನಿಂದ ಬಂದವನು ಕೈಕಾಲು ತೊಳೆದು ಒಳಗೆ ಬರುವುದು ಒಳ್ಳೆಯ ಪದ್ಧತಿ. ಅದನ್ನು ಯಾರೂ ಅಲ್ಲಗಳೆಯರು. ಆದರೆ ಶುಚಿ ಬೇರೆ, ಮಡಿ ಬೇರೆ. ಶುಚಿ ಕೊಳೆಯನ್ನು ನೋಡುತ್ತದೆ. ಮಡಿ ಕುಲವನ್ನು ಕೇಳುತ್ತದೆ. ಕೆಮ್ಮುತ್ತಿರುವ ಸ್ವಕುಲದ ಬಂಧು ಮಡಿಯುಟ್ಟು ಅಡಿಗೆಮನೆಗೆ ಬರಬಹುದು. ಮಿಂದು ಶುಭ್ರವಾಗಿ ಬಂದ ಹೊರಕುಲದ ಆರೋಗ್ಯವಂತ ಹೊಸ್ತಿಲು ದಾಟಕೂಡದು. ಇದರಲ್ಲಿ ವೈದ್ಯಶಾಸ್ತ್ರವೆಲ್ಲಿ ಬಂತು? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಊರಿನಲ್ಲಿ ಮಡಿಗೇನೂ ಬರವಿರಲಿಲ್ಲ. ಆದರೆ ಇಲಿಗಾಗಲಿ, ಅದರ ಮೈಮೇಲಿನ ಚಿಗಟಕ್ಕಾಗಲಿ ಮಡಿಯ ಎಲ್ಲೆ ತಿಳಿಯದಷ್ಟೆ. ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲವಾದ ಬೀದಿಗಳನ್ನೂ ಗಾಳಿಬೆಳಕಿನ ಮನೆಗಳನ್ನೂ ತಂದದ್ದು ನಗರಯೋಜನೆಯೇ ಹೊರತು ಮಡಿಯಲ್ಲ.

ಮಡಿಯ ಬುದ್ಧಿಗೆ ಅರ್ಥವಾಗುವುದು ಮುಟ್ಟುವುದೊಂದೇ. ಉಸಿರು ಅದಕ್ಕೆ ಅರ್ಥವಾಗದು. ಪರರನ್ನು ಹಳಿದು ನನ್ನನ್ನು ಬಿಟ್ಟುಕೊಳ್ಳಲಾರೆ. 2020ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿಯೂ ಹಾಲಿನ ಪೊಟ್ಟಣವನ್ನು ಸಾಬೂನಿನಿಂದ ತೊಳೆದೆವು, ತರಕಾರಿಯನ್ನು ಅರಿಸಿನದ ನೀರಿನಲ್ಲಿ ಅದ್ದಿದೆವು, ಮನೆಗೆಲಸದ ಹೆಂಗಸಿಗೆ ಗೇಟಿನ ಹೊರಗೇ ನಿಲ್ಲಿಸಿ ಸಂಬಳ ಕೊಟ್ಟೆವು. ಕೆಲವು ತಿಂಗಳ ಮೇಲೆ ನೆಂಟರು ಬಂದರು. ಕಿಟಕಿ ಮುಚ್ಚಿದ ನಡುಮನೆಯಲ್ಲಿ ಹತ್ತು ಜನ ಮುಖಗವಸು ಕಳಚಿ ಎರಡು ಗಂಟೆ ಹರಟಿದೆವು. 'ನಮ್ಮವರೇ' ಅಲ್ಲವೆ! ಆ ವಾರವೇ ಮನೆಯಲ್ಲಿ ನಾಲ್ವರು ಹಾಸಿಗೆ ಹಿಡಿದೆವು. ದಿಡ್ಡಿ ಬಾಗಿಲಿಗೆ ಅಗುಳಿ ಹಾಕಿ ಕೋಟೆಯ ಬಾಗಿಲನ್ನು ತೆರೆದಿಟ್ಟ ಹಾಗಾಯಿತು. ವಸ್ತುಗಳನ್ನು ಮುಟ್ಟುವುದರಿಂದ ತಗಲುವ ಭಯ ಸ್ವಲ್ಪ, ಮುಚ್ಚಿದ ಕೋಣೆಯ ಗಾಳಿಯೇ ಹೆಚ್ಚಿನ ಭಯ ಎಂದು 2021ರ ಹೊತ್ತಿಗೆ ವಿಜ್ಞಾನಿಗಳು ಸ್ಪಷ್ಟವಾಗಿ ಹೇಳಿದರು. ನಾವು ಆಗಲೂ ತರಕಾರಿ ತೊಳೆಯುತ್ತಲೇ ಇದ್ದೆವು. ಮುಖಗವಸು ಗಲ್ಲದ ಕೆಳಗೇ ಇತ್ತು.

ಇದಕ್ಕೆ ಕಾರಣ ಅಜ್ಞಾನವೆನ್ನಲಾಗದು. ಅಂತರ, ಮುಖಗವಸು, ಕೈತೊಳೆಯುವಿಕೆ ಇವು ಮೂರನ್ನೂ ಶಾಲೆಯ ಮಕ್ಕಳು ಕೂಡ ಒಪ್ಪಿಸುತ್ತಿದ್ದರು. ಕೊರತೆಯಿದ್ದುದು ದೃಷ್ಟಿಯಲ್ಲಿ. 'ನನಗೆ ಯಾರು ತಗುಲಿದರು?' ಎಂಬುದು ಮಡಿಯ ಪ್ರಶ್ನೆ. 'ನನ್ನಿಂದ ಯಾರಿಗೆ ತಗುಲೀತು?' ಎಂಬುದು ಮುಖಗವಸಿನ ಪ್ರಶ್ನೆ. ಮೊದಲನೆಯದನ್ನು ಕೇಳುವ ಅಭ್ಯಾಸ ನಮಗೆ ತಲೆತಲಾಂತರದ್ದು. ಎರಡನೆಯದನ್ನು ನಮಗೆ ಯಾರೂ ಕಲಿಸಲಿಲ್ಲ.

ಆದ್ದರಿಂದಲೇ ರೋಗಿ ನಮಗೆ ಮೈಲಿಗೆಯವನಾದ. ಚೆನ್ನೈಯಲ್ಲಿ 2020ರ ಏಪ್ರಿಲಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ವೈದ್ಯರೊಬ್ಬರನ್ನು ಹೂಳಲು ಬಂದವರ ಮೇಲೆ ಜನ ಕಲ್ಲು ತೂರಿದರು. ಅದೇ ವರ್ಷದ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲಿ ಸೋಂಕು ಕಂಡ ಕಟ್ಟಡವೊಂದರಲ್ಲಿ ಮನೆಗಳ ಬಾಗಿಲಿಗೆ ತಗಡು ಹೊಡೆದರು. ಜನ ಛೀಮಾರಿ ಹಾಕಿದ ಮೇಲೆ ಕಿತ್ತರು. ಒಳಗಿದ್ದವರ ಮನೆಗೆ ಬೆಂಕಿ ಬಿದ್ದಿದ್ದರೆ? ಹೀಗೆ ನಡೆಸಿಕೊಂಡರೆ ಜ್ವರ ಬಂದವನು ಹೇಳಿಕೊಳ್ಳುತ್ತಾನೆಯೆ? ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗ ಮನೆಯನ್ನೂ ಬೀದಿಯನ್ನೂ ಸುಡುತ್ತದೆ. ಮಡಿ ರೋಗವನ್ನು ತಡೆಯಲಿಲ್ಲ, ಅಡಗಿಸಿತು.

ಕನ್ನಡದ ಅಧ್ಯಾಪಕನಾಗಿ ಇನ್ನೊಂದು ಮಾತು ಹೇಳಲೇಬೇಕು. ಇಂಗ್ಲಿಷಿನ ಮಾತನ್ನು ಹಾಗೆಯೇ ಎತ್ತಿ ತಂದು 'ಸಾಮಾಜಿಕ ಅಂತರ' ಎಂದು ಗೋಡೆಗೋಡೆಗೂ ಬರೆದೆವು. ಸಾವಿರ ವರ್ಷಗಳಿಂದ ಸಾಮಾಜಿಕ ಅಂತರವನ್ನು ಕಾಪಾಡಿಕೊಂಡು ಬಂದಿರುವ ನಾಡಿಗೆ ಹೇಳತಕ್ಕ ಮಾತೆ ಇದು? ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿನಲ್ಲಿ, ದೂರವಿರಬೇಕಾದ್ದು ದೇಹಗಳು, ಸಂಬಂಧಗಳಲ್ಲ ಎಂದು ತನ್ನ ಮಾತನ್ನು ತಿದ್ದಿಕೊಂಡಿತು. ನಾವು ತಿದ್ದಿಕೊಳ್ಳಲಿಲ್ಲ. 'ಒಂದು ಮಾರು ದೂರ ನಿಲ್ಲಿ' ಎಂದಿದ್ದರೆ ಸಾಲದಾಗಿತ್ತೆ? ಮಾರು ಎಂದರೆ ಹೆಚ್ಚುಕಡಮೆ ಆರಡಿ. ಹೂವು ಮಾರುವವಳಿಗೂ ಗೊತ್ತು.

ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿದ್ದಾಯಿತು. ಮುಂದಿನ ಮಾರಿ ಯಾವಾಗ ಬರುವುದೋ ಯಾರೂ ಹೇಳಲಾರರು. ಅದು ಬರುವುದರೊಳಗೆ ಕಿಟಕಿ ತೆರೆಯುವುದನ್ನೂ, ಜ್ವರ ಬಂದಾಗ ನಾಚದೆ ಹೇಳಿ ಮನೆಯಲ್ಲಿರುವುದನ್ನೂ, ಹಾಗಿದ್ದವನ ಬಾಗಿಲಿಗೆ ತಗಡಿನ ಬದಲು ಗಂಜಿ ತಲಪಿಸುವುದನ್ನೂ ಕಲಿತುಕೊಳ್ಳೋಣ. ಹಿರಿಯರ ಮೇಲಿನ ಗೌರವಕ್ಕೆ ಇದರಿಂದ ಕುಂದೇನೂ ಬಾರದು. ನಮ್ಮ ಮನೆಗೆಲಸದ ಹೆಂಗಸು ನಾವು ಮಲಗಿದ್ದ ಎಂಟು ದಿನವೂ ಅದೇ ಗೇಟಿನ ಬಳಿ ಸಾರಿನ ಪಾತ್ರೆಯಿಟ್ಟು ಹೋದಳು. ಅವಳಿಗೆ ಮಡಿ ಗೊತ್ತಿರಲಿಲ್ಲ.