ನಕಲು ಬೇರೆ, ಮರುಬಳಕೆ ಬೇರೆ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸಮಯ ಬಂತೆಂದರೆ ಒಂದು ತಂಡ ಗ್ರಂಥಾಲಯಕ್ಕೆ ಆ್ಯಪ್ ಮಾಡುತ್ತದೆ, ಇನ್ನೊಂದು ಹಾಸ್ಟೆಲ್‌ಗೆ, ಮತ್ತೊಂದು ಹಾಲಿನ ಡೇರಿ ಲೆಕ್ಕಕ್ಕೆ. ಮೂರಕ್ಕೂ ಲಾಗಿನ್ ಬೇಕು, ಒಟಿಪಿ ಬೇಕು, ಪಿಡಿಎಫ್ ರಸೀದಿ ಬೇಕು. ಕೆಲವರು ಇದನ್ನೆಲ್ಲ ಮೊದಲಿನಿಂದ ಬರೆಯುತ್ತಾರೆ. ಹಲವರು ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಎತ್ತಿ ಅಂಟಿಸುತ್ತಾರೆ. ವೈವಾದಲ್ಲಿ ‘ಎಲ್ಲಾ ನೀವೇ ಬರೆದಿದ್ದಾ?’ ಎಂದು ಕೇಳಿದರೆ ಇಬ್ಬರ ಉತ್ತರವೂ ‘ಹೌದು ಸರ್’.

ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಬೇರೆಯವರ ಕೋಡ್ ಬಳಸುವುದು ತಪ್ಪಲ್ಲ. ಹೇಗೆ ಬಳಸುತ್ತೇವೆ ಎಂಬುದು ಮುಖ್ಯ. ನಕಲು ಮಾಡಿದ ಕೋಡ್ ಹತ್ತು ಕಡೆ ಹೋದರೆ ಅದರೊಳಗಿನ ದೋಷವೂ ಹತ್ತು ಕಡೆ ಹೋಗುತ್ತದೆ. ಕಾಂಪೊನೆಂಟ್ ಹಾಗಲ್ಲ. ಒಂದು ಕೆಲಸಕ್ಕೆಂದೇ ಬರೆದ ಭಾಗ ಅದು; ಅದಕ್ಕೊಂದು ಹೆಸರು, ಆವೃತ್ತಿ ಸಂಖ್ಯೆ, ಬಳಸುವ ವಿಧಾನ ಇರುತ್ತದೆ. ದೋಷವನ್ನು ಒಂದು ಕಡೆ ಸರಿಪಡಿಸಿದರೆ ಉಳಿದವರು ಹೊಸ ಆವೃತ್ತಿ ಹಾಕಿಕೊಂಡರಾಯಿತು. ನಮ್ಮ ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದು ಹೊಸತೇನಲ್ಲ. ನೂಲಿನ ಬಣ್ಣ ಬದಲಿಸಿದರೆ ಅದೇ ಜಕಾರ್ಡ್ ಕಾರ್ಡ್‌ಗಳಿಂದ ಬೇರೊಂದು ಸೀರೆ ಬರುತ್ತದೆ. ಪ್ರತಿ ಸೀರೆಗೂ ಹೊಸದಾಗಿ ಕಾರ್ಡ್ ಪಂಚ್ ಮಾಡುತ್ತಾ ಯಾರೂ ಕೂರುವುದಿಲ್ಲ.

ತಂತ್ರಾಂಶದಲ್ಲಿ ಇದರ ದೊಡ್ಡ ಉದಾಹರಣೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ. ಅಲ್ಲಿನ ಐಐಐಟಿ–ಬೆಂಗಳೂರು 2018ರಲ್ಲಿ ‘ಮೊಸಿಪ್’ ಎಂಬ ಮುಕ್ತ ತಂತ್ರಾಂಶ ಯೋಜನೆ ಆರಂಭಿಸಿತು. ನಾಗರಿಕರಿಗೆ ಗುರುತಿನ ಸಂಖ್ಯೆ ನೀಡಲು ಬೇಕಾದ ನೋಂದಣಿ, ದೃಢೀಕರಣದಂಥ ಕೆಲಸಗಳನ್ನು ಅದು ಬಿಡಿ ಭಾಗಗಳಾಗಿ ಒದಗಿಸುತ್ತದೆ. ಫಿಲಿಪ್ಪೀನ್ಸ್, ಮೊರಾಕ್ಕೊ, ಇಥಿಯೋಪಿಯ ದೇಶಗಳು ಇದನ್ನು ಬಳಸಿಕೊಂಡಿವೆ. ಭಾಷೆ, ಕಾನೂನು ಆಯಾ ದೇಶದ್ದು, ಬುನಾದಿ ಒಂದೇ.

ನಮ್ಮ ಮೊಬೈಲ್‌ನಲ್ಲಿ ಕಾಣುವ ಕನ್ನಡದ ಹಿಂದೆಯೂ ಇದೇ ಕಥೆಯಿದೆ. ‘ಸ್ತ್ರೀ’ ಎಂಬ ಒಂದಕ್ಷರದ ಒತ್ತುಗಳನ್ನು ಪರದೆಯ ಮೇಲೆ ಸರಿಯಾಗಿ ಕೂರಿಸುವುದು ಸುಲಭವಲ್ಲ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳು ಇದಕ್ಕಾಗಿ ಬಳಸುವುದು ‘ಹಾರ್ಫ್‌ಬಜ್’ ಎಂಬ ಒಂದೇ ಮುಕ್ತ ಲೈಬ್ರರಿಯನ್ನು.

ಅಪಾಯವಿಲ್ಲವೇ? ಇದೆ. 2021ರ ಡಿಸೆಂಬರ್‌ನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಜಾವಾ ಲೈಬ್ರರಿಯ ದೋಷ ಬಯಲಾದಾಗ ಜಗತ್ತಿನ ಅಸಂಖ್ಯ ಸರ್ವರ್‌ಗಳು ಒಟ್ಟಿಗೇ ಅಪಾಯಕ್ಕೆ ಸಿಲುಕಿದವು. ಸರಿಪಡಿಸಿದ ಆವೃತ್ತಿ ಬೇಗನೆ ಬಂತು. ಆದರೆ ತಮ್ಮ ತಂತ್ರಾಂಶದಲ್ಲಿ ಆ ಲೈಬ್ರರಿ ಎಲ್ಲೆಲ್ಲಿದೆ ಎಂದೇ ಗೊತ್ತಿಲ್ಲದವರು ಪರದಾಡಿದರು. ಬಳಸಿದ್ದರ ಲೆಕ್ಕ ಇಡದಿದ್ದರೆ ಹೀಗಾಗುತ್ತದೆ.

ಈ ಲೆಕ್ಕ ಇಡುವುದನ್ನೇ ನಮಗೆ ಕಾಲೇಜಿನಲ್ಲಿ ಕಲಿಸುತ್ತಿಲ್ಲ. ಲಾಗಿನ್ ಹೇಗೆ ನಡೆಯುತ್ತದೆಂದು ತಿಳಿಯಲು ಒಮ್ಮೆ ಮೊದಲಿನಿಂದ ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ಯಾವ ಕಾಂಪೊನೆಂಟ್, ಯಾವ ಆವೃತ್ತಿ, ಯಾವ ಲೈಸೆನ್ಸ್, ಏಕೆ ಅದನ್ನೇ ಆರಿಸಿಕೊಂಡೆವು ಎಂಬ ಒಂದು ಪುಟ ಕಡ್ಡಾಯವಾಗಲಿ. ವೈವಾದಲ್ಲಿ ಅದಕ್ಕೆ ಅಂಕ ಸಿಗಲಿ. ಆಗ ಕದ್ದುಮುಚ್ಚಿ ಅಂಟಿಸುವ ಅಗತ್ಯವೇ ಇರುವುದಿಲ್ಲ. ಪ್ರತಿ ವಿಭಾಗವೂ ಒಂದು ಕೋಡ್ ಭಂಡಾರ ಇಟ್ಟುಕೊಳ್ಳಲಿ. ಈ ವರ್ಷದವರು ಬರೆದದ್ದನ್ನು ಮುಂದಿನ ವರ್ಷದವರು ತಿದ್ದಿ ಬೆಳೆಸಲಿ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ಕಂಪನಿಗೆ ಸೇರಿದ ಹೊಸಬರಿಗೆ ಸಾಮಾನ್ಯವಾಗಿ ಖಾಲಿ ಪುಟ ಸಿಗುವುದಿಲ್ಲ. ಬೇರೆಯವರು ಬರೆದ ಸಾವಿರಾರು ಸಾಲು ಸಿಗುತ್ತದೆ. ಅದನ್ನು ಓದಿ, ಕೆಡಿಸದೆ ತಮ್ಮದನ್ನು ಸೇರಿಸಲು ಬರಬೇಕು. ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಂದ ಬಸ್ಸಿನಲ್ಲಿ ಓಡಾಡಿ ಓದುವ ಎಲ್ಲರಿಗೂ ದುಬಾರಿ ಕೋಚಿಂಗ್ ಎಟುಕದು. ಮುಕ್ತ ತಂತ್ರಾಂಶದ ಒಂದು ಸಣ್ಣ ದೋಷ ತಿದ್ದಲು, ಅದರ ಸೂಚನೆಗಳನ್ನು ಕನ್ನಡಕ್ಕೆ ತರಲು ಶುಲ್ಕವಿಲ್ಲ. ಒಪ್ಪಿಗೆಯಾದ ತಿದ್ದುಪಡಿ ನಮ್ಮ ಹೆಸರಿನಲ್ಲೇ ದಾಖಲಾಗುತ್ತದೆ, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪೆನ್‌ಡ್ರೈವ್‌ನಿಂದ ಎತ್ತಿದ ಪ್ರಾಜೆಕ್ಟ್‌ಗಿಂತ ಸಂದರ್ಶನದಲ್ಲಿ ಅದನ್ನು ತೋರಿಸುವುದೇ ಮೇಲು.