ಸಬ್ಸಿಡಿ ಮಿಷಿನ್‌ಗೆ, ಬಡ್ಡಿ ನಮಗೆ

ಮೊನ್ನೆ ಹೋಬಳಿ ಸಭೇಲಿ ಆಲೆಮನೆಯವರನ್ನ ಕೂರಿಸಿಕೊಂಡು ಪಿಎಂಎಫ್‌ಎಂಇ ಸ್ಕೀಮ್ ಬಗ್ಗೆ ಒಂದು ಗಂಟೆ ಹೇಳಿದ್ರು. ಕೇಂದ್ರದ್ದು 35 ಪರ್ಸೆಂಟ್, ರಾಜ್ಯದ್ದು 15, ಒಟ್ಟು ಅರ್ಧಕ್ಕರ್ಧ ಸಬ್ಸಿಡಿ, 15 ಲಕ್ಷದವರೆಗೆ. ನಮ್ಮ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ 'ಒಂದು ಜಿಲ್ಲೆ ಒಂದು ಉತ್ಪನ್ನ' ಅಂತ ಆರಿಸಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ತಟ್ಟಲಿಲ್ಲ. ಯಾಕೆ ಅಂತ ಹೇಳೋಕೆ ಅಲ್ಲಿ ಮೈಕ್ ಸಿಗಲಿಲ್ಲ, ಇಲ್ಲಿ ಬರೀತೀನಿ.

ನಮ್ಮ ಕಡೆ ಆಲೆಮನೆ ಮುಚ್ಚೋದು ಕೊಪ್ಪರಿಗೆ ಹಳೇದಾಯ್ತು ಅಂತಲ್ಲ ಕಣ್ರಪ್ಪ. ಕೈಯಲ್ಲಿ ಓಡಾಡೋ ದುಡ್ಡಿಲ್ಲ ಅಂತ. ನಂದು ಸಣ್ಣ ಗಾಣ, ದಿನಕ್ಕೆ 5 ಟನ್ ಅರೀತೀನಿ. ಟನ್ನಿಗೆ 3,000 ಅಂತ ಇಟ್ಕೊಂಡ್ರೂ ಕಬ್ಬಿಗೇ ದಿನಕ್ಕೆ 15,000, 20 ದಿನಕ್ಕೆ 3 ಲಕ್ಷ. ಕಬ್ಬು ಕೊಟ್ಟವನೂ ನಮ್ಮ ಹಾಗೇ ರೈತ, ಅವನಿಗೆ ಕಾಯಿರಿ ಅನ್ನೋಕೆ ಬಾಯಿ ಬರಲ್ಲ. ಮೇಲೆ ಕೂಲಿ, ಕರೆಂಟು. ಮಂಡಿಯಿಂದ ಬೆಲ್ಲದ ದುಡ್ಡು ಬರೋದು ಅವರಿಗೆ ಮನಸ್ಸು ಬಂದಾಗ. ಆ ಸಂದಿ ತುಂಬೋಕೆ ಅದೇ ಮಂಡಿಯವರ ಹತ್ರ ಮುಂಗಡ ತಗೋತೀವಿ. ಮುಂಗಡ ತಗೊಂಡ ಮೇಲೆ ರೇಟು ಯಾರು ಹೇಳ್ತಾರೆ? ನಾವಂತೂ ಅಲ್ಲ.

ಈ 3 ಲಕ್ಷಕ್ಕೆ ಸ್ಕೀಮ್‌ನಲ್ಲಿ ಒಂದು ರೂಪಾಯಿ ಸಬ್ಸಿಡಿ ಇಲ್ಲ. ಲೆಕ್ಕಕ್ಕೆ ಬರೋದು ಮಿಷಿನ್ನು, ಸ್ವಲ್ಪ ಕಟ್ಟಡ. ಅದೂ ಸಬ್ಸಿಡಿ ನಮ್ಮ ಕೈಗೆ ಬರಲ್ಲ, ಬ್ಯಾಂಕಲ್ಲಿ ಕೂತಿರುತ್ತೆ. 3 ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ಓಡ್ತಾ ಇದ್ರೆ ಆಮೇಲೆ ಸಾಲಕ್ಕೆ ಜಮಾ. ಪಕ್ಕದೂರಿನ ಅಣ್ಣ ಒಬ್ರು ಸ್ಟೀಲ್ ಕೊಪ್ಪರಿಗೆ, ಅಚ್ಚು, ಪ್ಯಾಕಿಂಗ್ ಮಿಷಿನ್ ಎಲ್ಲ ಹಾಕಿಸಿದ್ರು. ಫೋಟೋ ತೆಗೆಸಿಕೊಂಡಿದ್ದೂ ಆಯ್ತು. ಎರಡನೇ ಸೀಸನ್‌ಗೆ ಕಬ್ಬಿಗೆ ದುಡ್ಡು ಸಾಲದೆ ಗಾಣ ನಿಂತಿದೆ. ಕಂತು ಮಾತ್ರ ನಿಂತಿಲ್ಲ. ಸಬ್ಸಿಡಿ ಸಿಗುತ್ತೋ ಇಲ್ಲವೋ ಅಂತ ಈಗ ಅವರು ದಿನಾ ಬ್ಯಾಂಕಿಗೆ ಅಲೀತಾರೆ.

ಅರ್ಜಿ ಹಾಕಿಸೋ ಸಂಪನ್ಮೂಲ ವ್ಯಕ್ತಿಗಳನ್ನ ನಾನು ಬೈಯೋದಿಲ್ಲ, ಪಾಪ ಓಡಾಡ್ತಾರೆ. ಆದರೆ ಅವರಿಗೆ ಸಂಭಾವನೆ ಒಂದು ಸಾಲ ಮಂಜೂರಾದರೆ 20,000 ಅಂತ. ಮೂರನೇ ವರ್ಷ ಒಲೆ ಉರೀತಿದೆಯಾ ಅಂತ ನೋಡಿ ಕೊಡೋ ದುಡ್ಡಲ್ಲ ಅದು. ಮತ್ತೆ ಅವರು ದೊಡ್ಡ ಪ್ರಾಜೆಕ್ಟ್ ಹಾಕ್ರಿ ಅಂದ್ರೆ ಆಶ್ಚರ್ಯ ಏನು?

ಬ್ಯಾಂಕಿನ ಕತೆ ಕೇಳಿ. ನಾನು 8 ಲಕ್ಷ ಕೇಳಿದ್ದಕ್ಕೆ ಪಹಣಿ ತನ್ನಿ, ಜಮೀನು ಅಡಮಾನ ಮಾಡಿ ಅಂದ್ರು. ಸಣ್ಣ ಉದ್ದಿಮೆಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಅದನ್ನ ಹೇಳಿದ್ದಕ್ಕೆ ಮ್ಯಾನೇಜರ್ ನಕ್ಕರು. ಹಾಗಾದ್ರೆ ಸಾಲ ಕೊಡಲ್ಲ ಅಂತ ಬರೆದುಕೊಡಿ ಸಾರ್ ಅಂದೆ, ನಗು ನಿಂತು ಹೋಯ್ತು. ಬರೆದೂ ಕೊಡಲಿಲ್ಲ, ಸಾಲವೂ ಕೊಡಲಿಲ್ಲ. ನಿಮಗೂ ಹೀಗಾದ್ರೆ ಬಾಯಿಮಾತು ಕೇಳಿಕೊಂಡು ವಾಪಸ್ ಬರಬೇಡಿ, ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ.

ಇಡೀ ಸ್ಕೀಮ್‌ನಲ್ಲಿ ನಂಗೆ ಹಿಡಿಸಿದ ಸಾಲು ಒಂದೇ. ಆಹಾರ ಪದಾರ್ಥ ಮಾಡೋ ಸ್ವಸಹಾಯ ಸಂಘದ ಹೆಣ್ಮಕ್ಕಳಿಗೆ ತಲಾ 40,000 ಬೀಜಧನ, ಅದು ದಿನದ ಖರ್ಚಿಗೂ ಸಣ್ಣಪುಟ್ಟ ಸಾಮಾನಿಗೂ. ಓಡಾಡೋ ದುಡ್ಡು ಬೇಕು ಅಂತ ಸರ್ಕಾರಕ್ಕೆ ಗೊತ್ತಿದೆ ಅಂತಾಯ್ತು. ಸಭೇಲಿ ಮಾತ್ರ ಇದರ ಸುದ್ದಿ ಎತ್ತಲಿಲ್ಲ. ಮನೇಲಿ ಸಂಘ ಇದ್ದವರು ಮೊದಲು ಇದನ್ನ ಕೇಳಿ.

ಕೈಲಿ ಬಂಡವಾಳ ಇರೋರು ಮಿಷಿನ್ ತಗೊಳ್ಳಿ, ಬೇಡ ಅನ್ನಲ್ಲ. ಉಳಿದ ನಮಗೆ ಬೇಕಿರೋದು ಸೀಸನ್ ಶುರುವಿಗೆ ಕಡಿಮೆ ಬಡ್ಡಿಯ ಕಬ್ಬಿನ ಸಾಲ, ಬೆಳೆ ಸಾಲದ ಥರ, ಬೆಲ್ಲ ಮಾರಿದ ಮೇಲೆ ತೀರಿಸೋದು. ಮುಂದಿನ ಸಭೆಗೆ ನಾನು ನನ್ನ ಮಂಡಿ ಚೀಟಿ, ಮುಂಗಡದ ಲೆಕ್ಕ ಹಿಡ್ಕೊಂಡು ಹೋಗ್ತೀನಿ. ನೀವೂ ನಿಮ್ಮದು ತನ್ನಿ. ಮೈಕ್ ಕೊಡದಿದ್ರೆ ಮೇಜಿನ ಮೇಲೇ ಇಡೋಣ.